ನದಿ ಇಳಿಯುವವರೆಗೆ: ಕಾವೇರಿ ದಂಡೆಯಲ್ಲಿ ಮಳೆನೀರಿನ ಪಂಪ್‌ಹೌಸ್ ಕಟ್ಟಿದ ಅನುಭವ

ಮುಂಬೈಯಲ್ಲಿ ಹನ್ನೊಂದು ವರ್ಷ ಮಳೆನೀರಿನ ಪಂಪ್‌ಹೌಸ್‌ಗಳ ಕೆಲಸ ಮಾಡಿ ಊರಿಗೆ ಮರಳಿದ್ದೆ. ಕೊಡಗಿನ ಪೂರ್ವದ ಅಂಚಿನಲ್ಲಿ, ಕಾವೇರಿ ದಂಡೆಯ ತಗ್ಗು ಬಡಾವಣೆಯೊಂದಕ್ಕೆ ಅಂಥದೇ ಪಂಪ್‌ಹೌಸಿನ ವಿನ್ಯಾಸ ಮಾಡಿಕೊಟ್ಟು, ಕಟ್ಟುವಾಗಲೂ ಜೊತೆಗಿರಬೇಕೆಂಬ ಕೋರಿಕೆ ಬಂದಾಗ ಅದು ನನಗೆ ಕೈಬಂದ ಕೆಲಸವೆಂದೇ ಎಣಿಸಿದ್ದೆ. 2018 ಮತ್ತು 2019ರ ಆಗಸ್ಟ್‌ನಲ್ಲಿ ಕುಶಾಲನಗರದ ನದಿಬದಿಯ ಬಡಾವಣೆಗಳು ಮುಳುಗಿದ್ದನ್ನು ಕಂಡವರಿಗೆ ಇಂಥ ಬಡಾವಣೆಯ ಪಾಡನ್ನು ಬಿಡಿಸಿ ಹೇಳಬೇಕಾಗಿಲ್ಲ. ನದಿಯ ಕಡೆಗೆ ಮಣ್ಣಿನ ಒಡ್ಡು ಹಾಕಿದ್ದರು. ಒಡ್ಡು ನದಿಯನ್ನು ಹೊರಗೆ ನಿಲ್ಲಿಸುತ್ತದೆ, ಆದರೆ ಒಳಗೆ ಬಿದ್ದ ಮಳೆಯನ್ನು ಹೊರಗೆ ಹೋಗಲೂ ಬಿಡುವುದಿಲ್ಲ. ಒಡ್ಡಿನ ಕೆಳಗಿನ ತೂಬನ್ನು ಮುಚ್ಚಿದ ಕ್ಷಣದಿಂದ ಬಡಾವಣೆ ಒಂದು ಬೋಗುಣಿಯಾಗುತ್ತದೆ. ಆ ಬೋಗುಣಿಯ ನೀರನ್ನು ಎತ್ತಿ ನದಿಗೆ ಹಾಕುವುದೇ ಪಂಪ್‌ಹೌಸಿನ ಕೆಲಸ.

ಮುಂಬೈಯಲ್ಲೂ ಮೇಲುನೋಟಕ್ಕೆ ಇದೇ ಕಥೆ. ಅಲ್ಲಿ ನದಿಯ ಜಾಗದಲ್ಲಿ ಸಮುದ್ರವಿದೆ. ಭರತದ ಹೊತ್ತಿನಲ್ಲಿ ಕಡಲ ಮಟ್ಟ ನಾಲೆಗಳ ಬಾಯಿಗಿಂತ ಮೇಲೇರುತ್ತದೆ, ಗೇಟುಗಳನ್ನು ಇಳಿಸುತ್ತಾರೆ, ಪಂಪುಗಳು ನೀರನ್ನು ಎತ್ತಿ ಹಾಕುತ್ತವೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ ಮೇಲೆ ಹಾಜಿ ಅಲಿ, ಇರ್ಲಾ, ಲವ್‌ಗ್ರೋವ್ ಮೊದಲಾದ ಕಡೆ ಕಟ್ಟಿದ ಕೇಂದ್ರಗಳಲ್ಲಿ ಒಂದೊಂದು ಪಂಪೂ ಸೆಕೆಂಡಿಗೆ 6 ಘನಮೀಟರ್, ಅಂದರೆ ಇನ್ನೂರಕ್ಕೂ ಹೆಚ್ಚು ಕ್ಯೂಸೆಕ್ ನೀರು ಎತ್ತುತ್ತದೆ. ನಗರದ ಹಳೆಯ ಚರಂಡಿಗಳನ್ನು ಗಂಟೆಗೆ 25 ಮಿಲಿಮೀಟರ್ ಮಳೆಗೆ ಲೆಕ್ಕ ಹಾಕಿದ್ದರು. ಆಮೇಲಿನ ಯೋಜನೆಯಲ್ಲಿ ಅದನ್ನು 50ಕ್ಕೆ ಏರಿಸಿದರು. ಆ ಐವತ್ತನ್ನು ನಾನು ಕಿಸೆಯಲ್ಲಿಟ್ಟುಕೊಂಡೇ ಕೊಡಗಿಗೆ ಬಂದಿದ್ದೆನೆಂದು ಈಗ ಅನಿಸುತ್ತದೆ.

ಮೊದಲ ಲೆಕ್ಕ ಸುಲಭವಾಗಿಯೇ ಮುಗಿಯಿತು. ಒಡ್ಡಿನೊಳಗೆ ಹರಿದು ಬರುವ ಪ್ರದೇಶ 48 ಹೆಕ್ಟೇರ್. ಬಿದ್ದ ಮಳೆಯಲ್ಲಿ ನೂರಕ್ಕೆ ಅರುವತ್ತು ಪಾಲು ಹರಿದು ಬರುತ್ತದೆಂದು ಹಿಡಿದರೆ, ಗಂಟೆಗೆ 50 ಮಿಲಿಮೀಟರ್ ಮಳೆಗೆ ಸೆಕೆಂಡಿಗೆ 4 ಘನಮೀಟರ್ ನೀರು ಬರುತ್ತದೆ. ಅಷ್ಟು ಸಾಮರ್ಥ್ಯದ ಪಂಪುಗಳನ್ನು ಬರೆದು, ನಕ್ಷೆಯ ಕರಡು ತಯಾರಿಸಿ, ಮಳೆಯ ದಾಖಲೆಯನ್ನು ಒಮ್ಮೆ ತಾಳೆ ನೋಡಿಬಿಡೋಣವೆಂದು ಸುಂಟಿಕೊಪ್ಪದ ಕಡೆಯ ಹಿರಿಯ ಕಾಫಿ ಬೆಳೆಗಾರರೊಬ್ಬರ ಮನೆಗೆ ಹೋದೆ. ಕೊಡಗಿನಲ್ಲಿ ತೋಟವಿರುವ ಮನೆಯಲ್ಲಿ ಮಳೆಮಾಪಕವಿರುವುದು ಸಾಮಾನ್ಯ. ಬೆಳಿಗ್ಗೆ ಕಾಫಿಗೆ ಮೊದಲು ಅದನ್ನು ಅಳೆದು, ಇಂಚು ಮತ್ತು ಸೆಂಟುಗಳಲ್ಲಿ ಪುಸ್ತಕಕ್ಕೆ ಬರೆಯುತ್ತಾರೆ. ಇಂಚಿನ ನೂರನೇ ಒಂದು ಭಾಗ ಒಂದು ಸೆಂಟು. ಇವರ ಮನೆಯಲ್ಲಿ ತಂದೆಯ ಕಾಲದ ಪುಸ್ತಕಗಳೂ ಇದ್ದವು.

ಅವರು ನನ್ನ ಕಾಗದವನ್ನು ನೋಡಿ, ಕನ್ನಡಕ ತೆಗೆದು, "ಈ ಮಳೆ ಯಾವ ತಿಂಗಳಿಂದಪ್ಪಾ?" ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಅವರೇ ಮುಂದುವರಿದು, "ಗಂಟೆಗೆ ಎರಡು ಇಂಚು ಬರೋದು ಮಾರ್ಚ್-ಏಪ್ರಿಲ್‌ನಲ್ಲಿ, ಗುಡುಗು ಕಟ್ಟಿಕೊಂಡು. ನಮಗದು ಕಾಫಿ ಅರಳಿಸೋ ಹೂಮಳೆ. ಆಗ ಹೊಳೆಯಲ್ಲಿ ಮೊಣಕಾಲು ನೀರಿರಲ್ಲ. ಕಕ್ಕಡದಲ್ಲಿ ಅಷ್ಟು ಜೋರಾಗಿ ಹೊಡೆಯಲ್ಲ, ಆದರೆ ನಿಲ್ಲೋದೂ ಇಲ್ಲ" ಎಂದರು.

ಇದರಲ್ಲೇ ಇಡೀ ವಿನ್ಯಾಸವಿತ್ತು. ಏಪ್ರಿಲ್‌ನ ಬಿರುಮಳೆಗೆ ಪಂಪೇ ಬೇಕಾಗಿಲ್ಲ, ಏಕೆಂದರೆ ನದಿ ತಳದಲ್ಲಿರುತ್ತದೆ, ತೂಬು ತೆರೆದಿರುತ್ತದೆ, ನೀರು ತಾನಾಗಿ ಹರಿದು ಹೋಗುತ್ತದೆ. ಪಂಪು ಬೇಕಾಗುವುದು ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕಕ್ಕಡ ಮಾಸದಲ್ಲಿ. ಆಗ ನದಿಯನ್ನು ಏರಿಸುವ ಮಳೆ ನಮ್ಮೂರಲ್ಲಿ ಬಿದ್ದದ್ದಲ್ಲ, ತಲಕಾವೇರಿ, ಭಾಗಮಂಡಲ, ನಾಪೋಕ್ಲು ಕಡೆ ಬಿದ್ದದ್ದು. ಸಾಲದ್ದಕ್ಕೆ ಹಾರಂಗಿ ಜಲಾಶಯ ತುಂಬಿ ಬಿಟ್ಟ ನೀರು ಕೂಡಿಗೆಯ ಬಳಿ ಕಾವೇರಿಯನ್ನು ಸೇರಿದಾಗ ಮೇಲಿನ ಹರಿವಿಗೂ ಹಿನ್ನೊತ್ತು ಬೀಳುತ್ತದೆ. ಮುಂಬೈಯಲ್ಲಿ ಭರತ ಇಳಿಯಲು ಸುಮಾರು ಆರು ಗಂಟೆ ಸಾಕು, ಅದು ಇಳಿಯುವ ಹೊತ್ತನ್ನು ಪಂಚಾಂಗದಂತೆ ವರ್ಷದ ಮೊದಲೇ ಅಚ್ಚು ಹಾಕಿಸಬಹುದು. ಕಾವೇರಿ ಒಮ್ಮೆ ಏರಿದರೆ ಎರಡು ದಿನವೋ ನಾಲ್ಕು ದಿನವೋ ಹೇಳಬಲ್ಲವರಿಲ್ಲ. ನನಗೆ ಬೇಕಾದದ್ದು ಮುಂಬೈಯಷ್ಟು ಬಲದ ಪಂಪ್‌ಹೌಸಲ್ಲ, ಅದಕ್ಕಿಂತ ಹೆಚ್ಚು ಹೊತ್ತು ತಾಳಿ ನಿಲ್ಲುವ ಪಂಪ್‌ಹೌಸು.

ಲೆಕ್ಕವನ್ನು ಮತ್ತೆ ಮೊದಲಿನಿಂದ ಹಾಕಿದೆ. ನದಿ ಮೇಲಿರುವ ದಿನಗಳ ಮಳೆಗೆ ಗಂಟೆಗೆ 25 ಮಿಲಿಮೀಟರ್ ಸಾಕೆನಿಸಿತು. ಆದರೆ ಎರಡು ತಿಂಗಳಿಂದ ನೆನೆದ ನೆಲ ಹೆಚ್ಚೇನೂ ಕುಡಿಯುವುದಿಲ್ಲವಾದ್ದರಿಂದ ಹರಿದು ಬರುವ ಪಾಲನ್ನು ಅರುವತ್ತರಿಂದ ಎಪ್ಪತ್ತೈದಕ್ಕೆ ಏರಿಸಿದೆ. ಸೆಕೆಂಡಿಗೆ 2.5 ಘನಮೀಟರ್ ಬಂತು, ಸುಮಾರು 90 ಕ್ಯೂಸೆಕ್. ಸೆಕೆಂಡಿಗೆ 850 ಲೀಟರಿನ ಮೂರು ಪಂಪುಗಳು ಓಡಬೇಕು, ನಾಲ್ಕನೆಯದು ಕಾಯ್ದಿರಿಸಿದ್ದು. ಬಡಾವಣೆಯ ಮೂಲೆಯಲ್ಲಿದ್ದ ಹಳೆಯ ಕೆರೆಯಂಥ ಗುಂಡಿಯನ್ನು ಹೂಳೆತ್ತಿ 6,000 ಘನಮೀಟರ್ ನೀರು ಹಿಡಿಯುವಂತೆ ಮಾಡಿದೆವು. ಇಷ್ಟು ದೊಡ್ಡ ಗುಂಡಿಯಿದ್ದ ಮೇಲೆ ಪಂಪೇಕೆ ಎಂದು ಕೇಳಿದವರಿದ್ದರು. ಪೂರ್ತಿ ಹರಿವು ಬಂದರೆ ಅದು ತುಂಬಲು ನಲವತ್ತೇ ನಿಮಿಷ. ಕಕ್ಕಡದ ಒಂದು ದಿನದ 200 ಮಿಲಿಮೀಟರ್ ಮಳೆ 72,000 ಘನಮೀಟರ್ ನೀರನ್ನು ತಂದು ನಿಲ್ಲಿಸುತ್ತದೆ. ಆದರೂ ಆ ನಲವತ್ತು ನಿಮಿಷದ ಬೆಲೆ ನನಗೆ ಗೊತ್ತಿತ್ತು: ಕರೆಂಟು ಹೋಗಿ, ಜನರೇಟರ್ ಹಟ ಹಿಡಿದು, ಯಾರೋ ಟಾರ್ಚು ಹುಡುಕಿ ಬರುವಷ್ಟು ಹೊತ್ತು ಅದು.

ಪಂಪಿನ ಆಯ್ಕೆಯ ಬಗ್ಗೆ ಕೊಂಚ ವಿವರಿಸಬೇಕು. ತೋಟಕ್ಕೆ ನೀರು ಹಾಯಿಸುವ ಪಂಪು ಕಡಿಮೆ ನೀರನ್ನು ಬಹಳ ಎತ್ತರಕ್ಕೆ ದೂಡುತ್ತದೆ. ಪ್ರವಾಹದ ಪಂಪು ಬಹಳ ನೀರನ್ನು ಸ್ವಲ್ಪವೇ ಎತ್ತರಕ್ಕೆ, ನಮ್ಮಲ್ಲಿ 6 ಮೀಟರಿಗೆ, ಎತ್ತಬೇಕು. ಅದಕ್ಕೆ ಹಡಗಿನ ಪಂಖದಂಥ ಚಕ್ರ ನೆಟ್ಟಗಿನ ಕೊಳವೆಯೊಳಗೆ ತಿರುಗುವ ಅಕ್ಷೀಯ ಪಂಪು ಸರಿ. ಕೇರಳದ ಕುಟ್ಟನಾಡಿನಲ್ಲಿ ಸಮುದ್ರಮಟ್ಟಕ್ಕಿಂತ ತಗ್ಗಿನ ಗದ್ದೆಗಳ ನೀರು ತೆಗೆಯುವ ಮರದ ‘ಪೆಟ್ಟಿ ಪರ’ದ ತತ್ವವೂ ಇದೇ. ನಮ್ಮ ಕೆಲಸಕ್ಕೆ ಆಲಪ್ಪುಳದಿಂದ ಬಂದಿದ್ದ ಫಿಟರ್ ಹೊಸ ಪಂಪಿನ ಪೆಟ್ಟಿಗೆ ಬಿಚ್ಚಿದ ಕೂಡಲೇ, ಇದು ನಮ್ಮ ಪರವೇ, ಮೈಗೆ ಕಬ್ಬಿಣ ಬಂದಿದೆ ಅಷ್ಟೇ ಎಂದು ನಕ್ಕಿದ್ದ. ಒಂದೊಂದಕ್ಕೂ 75 ಕಿಲೋವಾಟ್ ಮೋಟಾರು ಸಾಕಾಯಿತು. ಮುಂಬೈಯ ಲೆಕ್ಕವನ್ನು ಇಲ್ಲಿಯೂ ಒಂದೆಡೆ ತಿದ್ದಬೇಕಾಯಿತು. ನಮ್ಮ ಜಾಗ ಕಡಲಿಗಿಂತ 800 ಮೀಟರಿಗೂ ಹೆಚ್ಚು ಎತ್ತರದಲ್ಲಿರುವುದರಿಂದ ಗಾಳಿಯ ಒತ್ತಡ ಸುಮಾರು ಒಂದು ಮೀಟರ್ ನೀರಿನಷ್ಟು ಕಡಿಮೆ. ಪಂಪು ನೀರನ್ನು ಒಳಗೆಳೆದುಕೊಳ್ಳುವಾಗ ಕುದಿದಂತಾಗಿ ಚಕ್ರ ಸವೆಯದಿರಲು ಆ ಒಂದು ಮೀಟರನ್ನೂ ಲೆಕ್ಕಕ್ಕೆ ಸೇರಿಸಬೇಕು.

ನೀರನ್ನು ಒಡ್ಡಿನ ಆಚೆಗೆ ದಾಟಿಸುವ ಬಗೆಯಲ್ಲಿ ನಾನು ಪಟ್ಟು ಹಿಡಿದೆ. ಒಡ್ಡನ್ನು ಕೊರೆದು ಪೈಪು ಹಾಯಿಸಿ, ನದಿಯ ತುದಿಯಲ್ಲಿ ತಾನಾಗಿ ಮುಚ್ಚಿಕೊಳ್ಳುವ ಬಾಗಿಲು ಇಡುವುದು ಅಗ್ಗದ ದಾರಿ. ಆದರೆ ಆ ಬಾಗಿಲಿಗೆ ಒಂದು ಬಿದಿರ ತುಂಡು ಸಿಕ್ಕಿಕೊಂಡರೆ ನಿಂತ ಪಂಪಿನ ಮೂಲಕ ಕಾವೇರಿಯೇ ಒಳಗೆ ಬರುತ್ತಾಳೆ. ಮೇಲಾಗಿ ಮಣ್ಣಿನ ಒಡ್ಡಿನಲ್ಲಿ ಪೈಪಿನ ಮೈಗುಂಟ ಸೋರುವ ನೀರು ಮಣ್ಣನ್ನು ಸ್ವಲ್ಪಸ್ವಲ್ಪವೇ ಕೊಚ್ಚಿಕೊಂಡು ಹೋಗಿ ಕೊನೆಗೆ ಒಡ್ಡನ್ನೇ ಒಡೆಯಬಲ್ಲದು. ಆದ್ದರಿಂದ ಪೈಪನ್ನು ಒಡ್ಡಿನ ನೆತ್ತಿಯ ಮೇಲೆ, 2019ರ ನೆರೆಯ ಗುರುತಿಗಿಂತ ಮೇಲೆ, ಹಾಯಿಸಿದೆವು. ಆ ಗುರುತನ್ನು ಹುಡುಕಿದ್ದು ಮನೆಮನೆಗೆ ಹೋಗಿ. ಹಲವರು ಗೋಡೆಗೆ ಬಣ್ಣ ಬಳಿಸಿದ್ದರೂ ಕ್ಯಾಲೆಂಡರ್ ಹಿಂದಿನ ಗೆರೆಯನ್ನು ಹಾಗೇ ಉಳಿಸಿಕೊಂಡಿದ್ದರು. ವಿದ್ಯುತ್ ಫಲಕಗಳ ಕೋಣೆಯ ನೆಲವನ್ನೂ ಅದೇ ಗೆರೆಗಿಂತ ಒಂದು ಮೀಟರ್ ಎತ್ತರಕ್ಕಿಟ್ಟೆವು.

ಇನ್ನು ಸಂಪು. ಪಂಪ್‌ಹೌಸೆಂದರೆ ಜನ ಮೋಟಾರನ್ನು ನೋಡುತ್ತಾರೆ, ನಮ್ಮ ಕೈಚಳಕವೆಲ್ಲ ಇರುವುದು ನೆಲದಡಿಯ ಆ ಕಾಂಕ್ರೀಟ್ ತೊಟ್ಟಿಯಲ್ಲಿ. ನೀರು ಪ್ರತಿ ಪಂಪಿನ ಬಾಯಿಗೂ ನೇರವಾಗಿ, ನಿಧಾನವಾಗಿ, ಸಮನಾಗಿ ಬರಬೇಕು. ಓರೆಯಾಗಿ ಬಂದರೆ ಸುಳಿ ಏಳುತ್ತದೆ, ಸುಳಿಯ ಕೊಳವೆಯಲ್ಲಿ ಗಾಳಿ ಇಳಿಯುತ್ತದೆ, ಗಾಳಿ ನುಂಗಿದ ಪಂಪು ನಡುಗಿ ಬೇರಿಂಗ್ ಕಳೆದುಕೊಳ್ಳುತ್ತದೆ. ನಮ್ಮ ಪಂಪಿನ ಬಾಯಿಯ ವ್ಯಾಸ 80 ಸೆಂಟಿಮೀಟರ್. ಅಲ್ಲಿ ನೀರಿನ ವೇಗ ಸೆಕೆಂಡಿಗೆ 1.7 ಮೀಟರ್. ಈ ವೇಗಕ್ಕೆ ಬಾಯಿಯ ಮೇಲೆ ಕನಿಷ್ಠ 1.9 ಮೀಟರ್ ನೀರು ನಿಂತಿರಬೇಕು, ಬಾಯಿಯ ಕೆಳಗೆ ನೆಲಕ್ಕೆ 40 ಸೆಂಟಿಮೀಟರ್ ಬಿಡಬೇಕು. ಹೀಗೆ ಸಂಪಿನ ತಳ ಅತಿ ಕಡಿಮೆ ನೀರಿನ ಮಟ್ಟಕ್ಕಿಂತ 2.3 ಮೀಟರ್ ಕೆಳಗೆ ಹೋಗುತ್ತದೆ. ಮೋಟಾರು ಗಂಟೆಗೆ ಆರಕ್ಕಿಂತ ಹೆಚ್ಚು ಸಲ ಶುರುವಾಗಬಾರದೆಂದರೆ, ಶುರು ಮತ್ತು ನಿಲುಗಡೆಯ ಮಟ್ಟಗಳ ನಡುವೆ 127 ಘನಮೀಟರ್ ನೀರಾದರೂ ಇರಬೇಕು. ಎಲ್ಲ ಕೂಡಿಸಿದಾಗ ನೆಲದಿಂದ ಎಂಟು ಮೀಟರ್ ಆಳ ಬಂತು.

ಸುಗ್ಗಿಯ ಹಬ್ಬ ಪುತ್ತರಿ ಕಳೆದ ಮೇಲೆ ಅಗೆತ ಶುರುವಾಯಿತು. ಏಳು ಮೀಟರ್ ದಾಟಿದ ಕೂಡಲೇ ಗಟ್ಟಿ ಕಲ್ಲು ಸಿಕ್ಕಿತು. ಮನೆಗಳು ಹತ್ತಿರವಿದ್ದುದರಿಂದ ಸಿಡಿಮದ್ದು ಇಡುವಂತಿರಲಿಲ್ಲ, ಯಂತ್ರದ ಉಳಿಯಿಂದ ಒಡೆಯುವ ಕೆಲಸ ದಿನಕ್ಕೆ ಅಂಗೈಯಗಲದಂತೆ ಸಾಗಿತು. ತಳವನ್ನು 60 ಸೆಂಟಿಮೀಟರ್ ಮೇಲೆತ್ತಿ ಎಂದು ಗುತ್ತಿಗೆದಾರರು ಕೇಳಿದರು. ಕೇಳಿದ್ದರಲ್ಲಿ ಅನ್ಯಾಯವಿರಲಿಲ್ಲ, ಅವರ ದುಡ್ಡು ಕಲ್ಲಿನಲ್ಲಿ ಕರಗುತ್ತಿತ್ತು. ಮೇಲಧಿಕಾರಿಗಳೂ ಅವರ ಕಡೆಗೇ ವಾಲಿದ್ದರು. ಸೂತ್ರ ತೋರಿಸಿ ಒಪ್ಪಿಸುವುದು ಆಗದ ಮಾತೆಂದು ತಿಳಿದು, ಒಬ್ಬ ಬಡಗಿಯ ಶೆಡ್ಡಿನಲ್ಲಿ ಪ್ಲೈವುಡ್ ಮತ್ತು ಪಾರದರ್ಶಕ ಹಾಳೆಯಿಂದ ಎಂಟರಲ್ಲೊಂದು ಅಳತೆಯ ಸಂಪನ್ನು ಮಾಡಿಸಿದೆ. ದೊಡ್ಡ ಕೇಂದ್ರಗಳಿಗೆ ಇಂಥ ಮಾದರಿ ಪರೀಕ್ಷೆ ಪುಣೆಯ ಬಳಿ ಖಡಕ್‌ವಾಸ್ಲಾದಂಥ ಸಂಶೋಧನಾ ಕೇಂದ್ರಗಳಲ್ಲಿ ನಡೆಯುತ್ತದೆ. ನಮ್ಮ ಗಾತ್ರಕ್ಕೆ ಅದು ಕಡ್ಡಾಯವಲ್ಲ, ಅದಕ್ಕೆ ಹಣವೂ ಇರಲಿಲ್ಲ. ಎಂಟರಲ್ಲೊಂದು ಅಳತೆಗೆ ಹರಿವು ಸುಮಾರು 180ರಲ್ಲಿ ಒಂದು ಪಾಲು. ಪಂಪೊಂದಕ್ಕೆ ಸೆಕೆಂಡಿಗೆ 4.7 ಲೀಟರ್ ಎಳೆಯುವ ಚಿಕ್ಕ ಮೋಟಾರುಗಳನ್ನು ಜೋಡಿಸಿದೆವು.

ನೀರಿನ ಚಲನೆ ಕಣ್ಣಿಗೆ ಕಾಣಲೆಂದು ಕ್ಯೂರಿಂಗ್ ವರ್ಕ್ಸ್‌ನಿಂದ ತಂದ ಕಾಫಿ ಹೊಟ್ಟನ್ನು ಹಿಡಿಹಿಡಿಯಾಗಿ ಚೆಲ್ಲಿದೆವು. ಪೂರ್ತಿ ಆಳದಲ್ಲಿ ಹೊಟ್ಟು ಸೋಮಾರಿಯಂತೆ ತೇಲಿ ಗೋಡೆಗೆ ಹೋಗಿ ನಿಂತಿತು. ಆಮೇಲೆ ತಳವನ್ನು 60 ಸೆಂಟಿಮೀಟರ್ ಎತ್ತುವುದಕ್ಕೆ ಸಮನಾಗಿ ಮಾದರಿಯಲ್ಲಿ ಏಳೂವರೆ ಸೆಂಟಿಮೀಟರಿನ ಹಲಗೆಯಿಟ್ಟು, ಪಂಪುಗಳ ಬಾಯಿಯನ್ನೂ ಅಷ್ಟೇ ಮೇಲೆತ್ತಿದೆವು. ಎರಡನೇ ಪಂಪಿನ ಹಿಂದೆ ಹೊಟ್ಟು ಮೊದಲು ಸುತ್ತತೊಡಗಿತು, ನೋಡನೋಡುತ್ತಿದ್ದಂತೆ ಬೆರಳು ತೂರುವಷ್ಟು ತೂತಾಗಿ, ಬಚ್ಚಲಿನ ನೀರು ಇಳಿಯುವ ಸದ್ದು ಮಾಡುತ್ತ ಒಳಗೆ ಹೋಯಿತು. ಚಿಕ್ಕ ಮಾದರಿಯಲ್ಲಿ ಸುಳಿ ಕಾಣದಿದ್ದರೆ ನಿಜದಲ್ಲೂ ಬಾರದು ಎನ್ನಲಾಗದು, ಆದರೆ ಮಾದರಿಯಲ್ಲೇ ಕಂಡರೆ ನಿಜದಲ್ಲಿ ತಪ್ಪಿದ್ದಲ್ಲ. ಗುತ್ತಿಗೆದಾರರು ಆ ತೂತನ್ನೇ ನೋಡುತ್ತ ನಿಂತಿದ್ದು, "ಆಯ್ತು ಸಾರ್, ಕಲ್ಲು ಒಡೆಸ್ತೇನೆ, ಆದರೆ ಬಿಲ್ಲಿನಲ್ಲಿ ಕಲ್ಲು ಅಂತಲೇ ಬರೆಯಬೇಕು" ಎಂದರು. ಬರೆದೆ.

ಕಲ್ಲಿನಿಂದಾಗಿ ಎರಡು ತಿಂಗಳು ಹಿಂದೆ ಬಿದ್ದೆವು. ಮೇ ಕೊನೆಯ ಹೊತ್ತಿಗೆ ಸಂಪಿನ ತಳ ಮುಗಿದು ಗೋಡೆಗಳು ಐದು ಮೀಟರ್ ಎದ್ದಿದ್ದವಷ್ಟೇ. ಚಾವಣಿಯಿಲ್ಲ, ಪಂಪಿಲ್ಲ. ಇಲ್ಲಿ ನನಗೆ ನಿದ್ದೆಗೆಡಿಸಿದ್ದು ನೀರು ಒಳಗೆ ಬರುವ ಭಯವಲ್ಲ, ಬಾರದಿರುವ ಭಯ. ಮಳೆಗಾಲದಲ್ಲಿ ಅಂತರ್ಜಲ ಏರಿದಾಗ ಖಾಲಿ ಸಂಪು ದೋಣಿಯಂತೆ ತೇಲಲು ನೋಡುತ್ತದೆ. ಹೊರಗೆ ನೀರು ಗೋಡೆಯ ಅಂಚಿನವರೆಗೆ ಬಂದರೆ ಅದು ಮೇಲೊತ್ತುವ ಬಲ 750 ಟನ್, ಆ ಹೊತ್ತಿಗೆ ನಾವು ಕಟ್ಟಿದ್ದ ಕಾಂಕ್ರೀಟಿನ ತೂಕ 535 ಟನ್. ಕೆಲಸ ಪೂರ್ತಿಯಾದ ಮೇಲೆ ಚಿಂತೆಯಿಲ್ಲ, ಗೋಡೆಯಿಂದಾಚೆಗೆ ಚಾಚಿದ ತಳದ ಮೇಲೆ ಮಣ್ಣಿನ ಭಾರ ಕೂರುತ್ತದೆ. ಅರ್ಧ ಕಟ್ಟಿದ ಮಳೆಗಾಲವೇ ಅಪಾಯದ್ದು. ಜೂನ್ ಮೊದಲ ವಾರ ತೋಡಿನ ನೀರನ್ನು ಪೈಪಿನಲ್ಲಿ ತಂದು ಸಂಪಿಗೆ ನಾವೇ ತುಂಬಿಸಿದೆವು. ನೀರು ತೆಗೆಯಲಿಕ್ಕೆಂದು ಕಟ್ಟಿದ ಮನೆಗೆ ನೀರು ತುಂಬಿಸುತ್ತಿದ್ದಾರೆಂದು ಊರಿನವರು ನಕ್ಕರು. ಆ ಮಳೆಗಾಲವಿಡೀ ಅದು ತುಂಬಿದ ಬಾವಿಯಾಗಿ ಕೂತಿತ್ತು, ಮಕ್ಕಳು ಬೀಳದಂತೆ ಕಾವಲು ಇಡಬೇಕಾಯಿತು. ಸೆಪ್ಟೆಂಬರಿನಲ್ಲಿ ಮಟ್ಟ ನೋಡಿದಾಗ ಕೂದಲೆಳೆಯಷ್ಟೂ ಅಲುಗಿರಲಿಲ್ಲ.

ಎರಡನೇ ಬೇಸಿಗೆಯ ಕೆಲಸದಲ್ಲಿ ಹೇಳುವಂಥದ್ದು ಕಡಿಮೆ. ಪಂಪು ಬಂತು, ಕೂತಿತು. ಪರೀಕ್ಷೆಯ ದಿನ ಮಾತ್ರ ಒಂದು ಗಲಿಬಿಲಿಯಾಯಿತು. ನಡೆಸಲು ನೇಮಿಸಿದ್ದ ಹುಡುಗ ತೋಟದ ಪಂಪುಗಳಲ್ಲಿ ಪಳಗಿದವನು. ವಾಲ್ವ್ ಮುಚ್ಚಿ ಮೋಟಾರು ಹಾಕಿ, ಆಮೇಲೆ ನಿಧಾನವಾಗಿ ತೆರೆಯುವುದು ಅವನ ಅಭ್ಯಾಸ. "ಅಣ್ಣ, ವಾಲ್ವ್ ಎಲ್ಲಿ?" ಎಂದು ಹುಡುಕಿದ. ಪಂಖದ ಪಂಪಿಗೆ ಇದು ತಿರುಗುಮುರುಗು. ಬಾಯಿ ಮುಚ್ಚಿ ತಿರುಗಿಸಿದರೆ ಅದಕ್ಕೆ ಬೇಕಾದ ಶಕ್ತಿ ಇಳಿಯುವ ಬದಲು ಏರಿ ಮೋಟಾರು ಸುಟ್ಟೀತು. ಅದಕ್ಕೆಂದೇ ನಾನು ವಾಲ್ವನ್ನೇ ಇಟ್ಟಿರಲಿಲ್ಲ. ಇದನ್ನು ಅವನಿಗೆ ಒಪ್ಪಿಸಲು ಒಂದು ಮಧ್ಯಾಹ್ನ ಹಿಡಿಯಿತು.

ಬಲದಲ್ಲಿ ಉಳಿಸಿದ ಹಣವನ್ನು ತಾಳಿಕೆಗೆ ಹಾಕಬೇಕೆಂಬುದು ನನ್ನ ಹಟವಾಗಿತ್ತು, ಅದು ಅರ್ಧವೇ ಗೆದ್ದಿತು. 2018ರಲ್ಲಿ ಕೊಡಗಿನ ಎಷ್ಟೋ ಊರುಗಳಲ್ಲಿ ದಿನಗಟ್ಟಲೆ ಕರೆಂಟಿಲ್ಲದ್ದು ಎಲ್ಲರ ನೆನಪಿನಲ್ಲಿದ್ದುದರಿಂದ 250 ಕೆವಿಎಯ ಎರಡು ಜನರೇಟರ್ ಸಿಕ್ಕವು. ಮೂರೂ ಪಂಪು ಓಡಿದರೆ ಗಂಟೆಗೆ ಸುಮಾರು 54 ಲೀಟರ್ ಡೀಸೆಲ್ ಬೇಕು. 990 ಲೀಟರಿನ ಎರಡು ಟ್ಯಾಂಕುಗಳಿಂದ ಒಂದೂವರೆ ದಿನ ದೂಡಬಹುದು. ಸಂಪಿಗೆ ನೀರು ಬರುವ ದಾರಿಯಲ್ಲಿ ಕಸ ತಡೆಯುವ ಜಾಲರಿಯನ್ನು ತಾನೇ ಬಾಚುವ ಯಂತ್ರವನ್ನು ಮಾತ್ರ ಅಂದಾಜುಪಟ್ಟಿಯಿಂದ ಹೊಡೆದು ಹಾಕಿದರು, ಇಬ್ಬರು ಆಳುಗಳು ಕೈಯಿಂದ ಬಾಚಿದರೆ ಸಾಕೆಂದು. ನಾನು ಇನ್ನೂ ಬಲವಾಗಿ ಎದುರಾಡಬೇಕಿತ್ತು.

ಮೊದಲ ನಿಜವಾದ ಪರೀಕ್ಷೆ ಕಕ್ಕಡದ ಮದ್ದುಸೊಪ್ಪಿನ ಹಬ್ಬ ಕಳೆದ ವಾರ ಬಂತು. ಭಾಗಮಂಡಲದಲ್ಲಿ ಸಂಗಮ ಮುಳುಗಿದ ಸುದ್ದಿ ಬೆಳಿಗ್ಗೆ ಬಂದಾಗಲೇ ತೂಬಿನ ಗೇಟಿನ ಬಳಿ ಜನ ನಿಲ್ಲಿಸಿದೆವು. ಗೇಟನ್ನು ಬೇಗ ಇಳಿಸಿದರೆ ಸುಮ್ಮನೆ ಹರಿದು ಹೋಗುವ ನೀರಿಗೂ ಡೀಸೆಲ್ ಸುಡಬೇಕು, ತಡಮಾಡಿದರೆ ನದಿಯೇ ಒಳಗೆ. ಎರಡೂ ಕಡೆ ಅಳತೆಗೋಲು ನೆಟ್ಟು, ಒಳಗಿನ ಮತ್ತು ಹೊರಗಿನ ಮಟ್ಟ ಸಮನಾದ ಗಳಿಗೆಯಲ್ಲಿ ಇಳಿಸುವುದೆಂದು ಗೊತ್ತು ಮಾಡಿದ್ದೆವು. ಆ ಗಳಿಗೆ ರಾತ್ರಿ ಒಂಬತ್ತಕ್ಕೆ ಬಂತು. ಹತ್ತರ ಸುಮಾರಿಗೆ ಕರೆಂಟು ಹೋಯಿತು. ಜನರೇಟರ್ ಕೂಡಲೇ ಹಿಡಿಯಿತು.

ತಪ್ಪಿದ್ದು ಮೂರು ಗಂಟೆಯ ಹೊತ್ತಿಗೆ. ಪಂಪುಗಳು ಓಡುತ್ತಿದ್ದವು, ಸಂಪಿನ ನೀರು ಇಳಿಯುತ್ತಿತ್ತು, ಬೀದಿಯ ನೀರು ಮಾತ್ರ ಏರುತ್ತಿತ್ತು. ಜಾಲರಿಯ ಮುಂದೆ ಟಾರ್ಚು ಹಾಕಿದಾಗ ಕಾಫಿ ಹೊಟ್ಟು, ಅಡಿಕೆ ಹಾಳೆ, ಥರ್ಮೋಕೋಲ್, ಪ್ಲಾಸ್ಟಿಕ್ ಎಲ್ಲ ಸೇರಿ ಹಾಸಿಗೆಯಾಗಿ ಕೂತಿತ್ತು. ಅದರ ಮುಂದಿನ ನೀರಿಗೂ ಹಿಂದಿನ ನೀರಿಗೂ ಒಂದು ಮೀಟರ್ ವ್ಯತ್ಯಾಸ. ಇಬ್ಬರು ಆಳುಗಳಲ್ಲಿ ಒಬ್ಬನ ಮನೆಯೇ ನದಿಯ ಆಚೆ ದಡದಲ್ಲಿದ್ದು ಅವನು ಬರುವಂತಿರಲಿಲ್ಲ. ಪಂಪು ನಿಲ್ಲಿಸಿ, ನಾನು, ಫಿಟರ್ ಮತ್ತು ಬಡಾವಣೆಯ ನಾಲ್ವರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಬೆಳಗಾಗುವವರೆಗೆ ಬಾಚಿದೆವು. ಐದು ಬೀದಿಗಳಲ್ಲಿ ಅಂಗಳದವರೆಗೆ ನೀರು ಬಂದು ನಿಂತಿತು, ಯಾರ ಮನೆಯೊಳಗೂ ಹೊಕ್ಕಲಿಲ್ಲ.

ಮರುದಿನ ಮಧ್ಯಾಹ್ನ ಕರೆಂಟು ಬಂದಾಗ ಇನ್ನೊಂದು ಬೆಪ್ಪುತನ ಕಾದಿತ್ತು. ಮೂರೂ ಪಂಪು ಸದ್ದು ಮಾಡುತ್ತಿವೆ, ಒಡ್ಡಿನಾಚೆ ಪೈಪಿನಲ್ಲಿ ನೀರಿಲ್ಲ. ಲೈನು ಸರಿಪಡಿಸುವಾಗ ಫೇಸುಗಳು ಅದಲುಬದಲಾಗಿ ಪಂಖಗಳು ಹಿಮ್ಮುಖವಾಗಿ ತಿರುಗುತ್ತಿದ್ದವು. ಫೇಸಿನ ಅನುಕ್ರಮ ತಪ್ಪಿದರೆ ಮೋಟಾರನ್ನು ತಡೆಯುವ ರಿಲೇ ನನ್ನ ನಕ್ಷೆಯಲ್ಲಿತ್ತು, ಫಲಕದಲ್ಲಿರಲಿಲ್ಲ, ಸಾಮಾನು ಒಪ್ಪಿಸಿಕೊಳ್ಳುವಾಗ ನಾನದನ್ನು ನೋಡಿರಲಿಲ್ಲ. ಮತ್ತೆ ಜನರೇಟರಿಗೆ ಮರಳಿ, ರಾತ್ರಿ ಎರಡು ತಂತಿ ಬದಲಿಸಿ ಸರಿಮಾಡಿದೆವು.

ಗೇಟು ಇಳಿಸಿದ್ದರಿಂದ ಮತ್ತೆ ಎತ್ತುವವರೆಗೆ 61 ಗಂಟೆ. ಬಹುಪಾಲು ಹೊತ್ತು ಎರಡೇ ಪಂಪು ಓಡಿದವು, ಮೂರನೆಯದು ಒಟ್ಟು ಒಂಬತ್ತು ಗಂಟೆ, ನಾಲ್ಕನೆಯದು ಒಮ್ಮೆಯೂ ಇಲ್ಲ. ಜನರೇಟರ್ ಹೆಚ್ಚುಕಡಿಮೆ ಒಂದೂವರೆ ದಿನ ನಡೆಯಿತು, ಆದರೂ ಡೀಸೆಲ್ ಉಳಿಯಿತು. ವಾರದ ನಂತರ ಬೆಳೆಗಾರರ ಮನೆಗೆ ಹೋಗಿ ಪುಸ್ತಕ ನೋಡಿದೆ. ಅವರು ಆ ಮೂರು ದಿನಗಳ ಸಾಲಿನ ಪಕ್ಕ ಪೆನ್ಸಿಲಿನಿಂದ "ಗೇಟು" ಎಂದು ಬರೆದಿಟ್ಟಿದ್ದರು. ಜಾಲರಿ ಬಾಚುವ ಯಂತ್ರಕ್ಕೆ ಹೊಸ ಅಂದಾಜುಪಟ್ಟಿ ಮಾಡುವಾಗ ಆ ಪುಟದ ನಕಲನ್ನೂ ಮೂರು ಗಂಟೆಯ ರಾತ್ರಿಯ ಫೋಟೋಗಳನ್ನೂ ಲಗತ್ತಿಸಿದೆ. ಈ ಸಲ ಯಾರೂ ಗೆರೆ ಹೊಡೆಯಲಿಲ್ಲ. ಫೆಬ್ರವರಿಯಲ್ಲಿ ಯಂತ್ರ ಕೂತಿತು, ರಿಲೇಯೂ.